ರೇಡ್ ಇದ್ದ ಮೇಲೂ ಬ್ಯಾಕಪ್‌ಗೆ ದುಡ್ಡು ಕೊಡಬೇಕಾ?

ಪ್ರಶ್ನೆ: ಸರ್, ಚಟ್ನಿಪುಡಿ, ಹಪ್ಪಳ, ಸಂಡಿಗೆ ಮಾರುವ ಸಣ್ಣ ವ್ಯಾಪಾರ ನಮ್ಮದು. ವರ್ಡ್‌ಪ್ರೆಸ್, ವೂಕಾಮರ್ಸ್‌ನಲ್ಲಿ ಸೈಟ್ ಮಾಡಿಸಿದ್ದೇವೆ. ನಮ್ಮ ಹೋಸ್ಟಿಂಗ್ ಕಂಪನಿ 'ರೇಡ್ 10 ಎಸ್‌ಎಸ್‌ಡಿ, ನಿಮ್ಮ ಡೇಟಾ ಸಂಪೂರ್ಣ ಸುರಕ್ಷಿತ' ಎನ್ನುತ್ತದೆ. ಅವರೇ ಬ್ಯಾಕಪ್‌ಗೆ ತಿಂಗಳು ತಿಂಗಳು ಬೇರೆ ದುಡ್ಡು ಕೇಳುತ್ತಾರೆ. ಒಂದು ಡಿಸ್ಕ್ ಹೋದರೆ ಇನ್ನೊಂದರಲ್ಲಿ ಎಲ್ಲ ಇದ್ದೇ ಇರುತ್ತದಲ್ಲ, ಮತ್ತೆ ಬ್ಯಾಕಪ್ ಯಾಕೆ? ರೇಡ್ ನಿಜಕ್ಕೂ ಏನು ಮಾಡುತ್ತದೆ? – ಓದುಗರು, ಶಿವಮೊಗ್ಗ

ಉತ್ತರ: ಬ್ಯಾಕಪ್ ಬೇಕೇ ಬೇಕು. ಅದನ್ನು ಅವರ ಹತ್ತಿರವೇ ಕೊಳ್ಳಬೇಕು ಅಂತೇನಿಲ್ಲ, ಆ ವಿಷಯಕ್ಕೆ ಆಮೇಲೆ ಬರುತ್ತೇನೆ. 'ಸಂಪೂರ್ಣ ಸುರಕ್ಷಿತ' ಎಂಬುದು ಜಾಹೀರಾತಿನ ಮಾತು. ರೇಡ್ ಅಂದರೆ ಹಲವು ಡಿಸ್ಕ್‌ಗಳನ್ನು ಜೋಡಿಸಿ, ಸಾಮಾನ್ಯವಾಗಿ ಒಂದು ಕೆಟ್ಟರೂ ಡೇಟಾ ಉಳಿಯುವಂತೆ ಮಾಡುವ ವ್ಯವಸ್ಥೆ. ಅದು ಒಳ್ಳೆಯದೇ, ಅದಿಲ್ಲದ ಸರ್ವರ್‌ನಲ್ಲಿ ನಾನಂತೂ ಸೈಟ್ ಇಡುವುದಿಲ್ಲ. ಆದರೆ ಅದು ಮಾಡುವುದು ಒಂದೇ ಕೆಲಸ. ಡಿಸ್ಕ್ ಕೆಟ್ಟ ದಿನ ನಿಮ್ಮ ಸೈಟ್ ನಿಲ್ಲದಂತೆ ನೋಡಿಕೊಂಡು, ಕೆಟ್ಟ ಡಿಸ್ಕ್ ಬದಲಿಸಲು ಕಂಪನಿಯವರಿಗೆ ಸ್ವಲ್ಪ ಸಮಯ ಕೊಡುತ್ತದೆ. ಆ ಸಮಯದಲ್ಲಿ ಅವರು ಏನು ಮಾಡುತ್ತಾರೆ ಅನ್ನುವುದೇ ಮುಖ್ಯ.

ಡಿಸ್ಕ್ ಕೆಡುವುದು ಅಪರೂಪದ ಘಟನೆ ಎಂದು ನಾವೆಲ್ಲ ಅಂದುಕೊಂಡಿರುತ್ತೇವೆ. ಮನೆಯ ಲ್ಯಾಪ್‌ಟಾಪ್‌ನಲ್ಲಿ ಅದು ನಿಜ ಕೂಡ. ಹೋಸ್ಟಿಂಗ್ ಕಂಪನಿಯ ಲೆಕ್ಕ ಬೇರೆ. 2007ರಲ್ಲಿ ಕಾರ್ನೆಗಿ ಮೆಲನ್ ವಿಶ್ವವಿದ್ಯಾಲಯದ ಬಿಯಾಂಕಾ ಶ್ರೋಡರ್ ಮತ್ತು ಗಾರ್ತ್ ಗಿಬ್ಸನ್ ಸುಮಾರು 1 ಲಕ್ಷ ಡಿಸ್ಕ್‌ಗಳ ದಾಖಲೆ ಹಿಡಿದು ಕೂತರು. ತಯಾರಕರು ಕೊಟ್ಟ ಅಂಕಿಯ ಪ್ರಕಾರ ವರ್ಷಕ್ಕೆ ಹೆಚ್ಚೆಂದರೆ 0.88% ಡಿಸ್ಕ್ ಕೆಡಬೇಕಿತ್ತು. ಜನ ನಿಜವಾಗಿ ಬದಲಿಸುತ್ತಿದ್ದುದು ಸಾಮಾನ್ಯವಾಗಿ 2ರಿಂದ 4%. ಕೆಲವು ಕಡೆ 13%ವರೆಗೂ ಹೋಗಿತ್ತು. ಈಗಿನ ಡಿಸ್ಕ್‌ಗಳು ಸುಧಾರಿಸಿವೆ. ತನ್ನ ಡಿಸ್ಕ್‌ಗಳ ಲೆಕ್ಕವನ್ನು ಬಹಿರಂಗವಾಗಿ ಕೊಡುವ ಬ್ಯಾಕ್‌ಬ್ಲೇಜ್ ಕಂಪನಿಯ 2023ರ ಅಂಕಿ 1.70%. ಕಡಿಮೆ ಅನ್ನಿಸುತ್ತದೆ ಅಲ್ವಾ? 1,000 ಡಿಸ್ಕ್ ಇರುವ ಕಂಪನಿಗೆ ಹಾಕಿ ನೋಡಿ. ವರ್ಷಕ್ಕೆ 17 ಡಿಸ್ಕ್, ಅಂದರೆ ತಿಂಗಳಿಗೆ ಒಂದಕ್ಕಿಂತ ಜಾಸ್ತಿ. ಶೇರ್ಡ್ ಹೋಸ್ಟಿಂಗ್‌ನಲ್ಲಿ ಒಂದೊಂದು ಸರ್ವರ್‌ನಲ್ಲೂ ನೂರಾರು ಸೈಟ್ ಕೂತಿರುತ್ತವೆ. ರೇಡ್ ಇಲ್ಲದಿದ್ದರೆ ಪ್ರತಿ ತಿಂಗಳೂ ನೂರಾರು ಗ್ರಾಹಕರ ಫೋನ್ ಬರುತ್ತಿತ್ತು.

ಈ ಗಾರ್ತ್ ಗಿಬ್ಸನ್ ಹೆಸರು ರೇಡ್‌ನ ಹುಟ್ಟಿನಲ್ಲೂ ಇದೆ. 1988ರಲ್ಲಿ ಬರ್ಕ್ಲಿಯ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದಲ್ಲಿ ಡೇವಿಡ್ ಪ್ಯಾಟರ್ಸನ್, ಗಿಬ್ಸನ್, ರ್‍ಯಾಂಡಿ ಕಾಟ್ಜ್ ಮೂವರೂ ಸೇರಿ ಒಂದು ಪ್ರಬಂಧ ಬರೆದರು. ಐಬಿಎಂನ ದೊಡ್ಡ, ದುಬಾರಿ ಡಿಸ್ಕ್‌ನ ಬದಲು ಪರ್ಸನಲ್ ಕಂಪ್ಯೂಟರ್‌ಗೆಂದು ಬರುತ್ತಿದ್ದ ಸಣ್ಣ, ಅಗ್ಗದ ಡಿಸ್ಕ್‌ಗಳನ್ನು ಸಾಲಾಗಿ ಜೋಡಿಸಿದರೆ ವೇಗ ಜಾಸ್ತಿ, ಖರ್ಚು ಕಡಿಮೆ ಎನ್ನುವುದು ಅವರ ವಾದ. ತೊಂದರೆ ಒಂದೇ. ಡಿಸ್ಕ್ ಜಾಸ್ತಿಯಾದಷ್ಟೂ ಯಾವುದೋ ಒಂದು ಕೆಡುವ ಸಾಧ್ಯತೆಯೂ ಜಾಸ್ತಿ. ಹಾಗಾಗಿ ಕೆಲವು ಡಿಸ್ಕ್‌ಗಳನ್ನು ಹೆಚ್ಚುವರಿಯಾಗಿ ಇಟ್ಟು, ಒಂದು ಹೋದರೂ ಡೇಟಾ ಉಳಿಯುವ ಬೇರೆ ಬೇರೆ ದಾರಿಗಳನ್ನು ಹೇಳಿದರು. ರೇಡ್ 1, ರೇಡ್ 5 ಎಂದು ನೀವು ಈಗ ಕೇಳುವ ನಂಬರ್‌ಗಳು ಅಲ್ಲಿಂದ ಬಂದವು.

ಅತಿ ಸುಲಭದ್ದು ರೇಡ್ 1. ಎರಡು ಡಿಸ್ಕ್, ಎರಡರಲ್ಲೂ ಒಂದೇ ಡೇಟಾ. ಬರೆಯುವಾಗ ಎರಡಕ್ಕೂ ಒಟ್ಟಿಗೆ ಬರೆಯುತ್ತದೆ. ಮಿರರ್ ಅನ್ನುವುದು ಇದನ್ನೇ. ರೇಡ್ 0 ಅಂತ ಒಂದಿದೆ. ಅದು ಡೇಟಾವನ್ನು ತುಂಡು ಮಾಡಿ ಡಿಸ್ಕ್‌ಗಳಿಗೆ ಹಂಚುತ್ತದೆ ಅಷ್ಟೇ, ರಕ್ಷಣೆ ಏನೂ ಇಲ್ಲ. ಒಂದು ಹೋದರೆ ಎಲ್ಲವೂ ಹೋಯಿತು. ನಿಮ್ಮ ಕಂಪನಿ ಹೇಳುವ ರೇಡ್ 10 ಇವೆರಡರ ಜೋಡಿ: ಮೊದಲು ಡಿಸ್ಕ್‌ಗಳನ್ನು ಎರಡೆರಡಾಗಿ ಮಿರರ್ ಮಾಡಿ, ಆ ಜೋಡಿಗಳ ಮೇಲೆ ಡೇಟಾ ಹಂಚುವುದು.

ರೇಡ್ 5 ಸ್ವಲ್ಪ ಜಾಣತನದ್ದು. ಪೂರ್ತಿ ನಕಲು ಇಡುವ ಬದಲು ಒಂದು ಲೆಕ್ಕ ಇಡುತ್ತದೆ. ಮೂರು ಡಿಸ್ಕ್‌ಗಳಲ್ಲಿ 7, 5, 9 ಎಂಬ ಅಂಕಿಗಳಿವೆ ಅಂದುಕೊಳ್ಳಿ. ನಾಲ್ಕನೆಯದರಲ್ಲಿ ಅವುಗಳ ಮೊತ್ತ 21 ಬರೆದಿಡಿ. ಈಗ 5 ಇದ್ದ ಡಿಸ್ಕ್ ಕೆಟ್ಟಿತು. 21ರಲ್ಲಿ 7 ಮತ್ತು 9 ಕಳೆದರೆ 5 ವಾಪಸ್ ಬಂತು. ಯಾವ ಡಿಸ್ಕ್ ಹೋದರೂ ಹೀಗೇ ಕಂಡುಹಿಡಿಯಬಹುದು. ಆ ಮೊತ್ತದ ಜಾಗದಲ್ಲಿ ಇರುವುದಕ್ಕೆ ಪ್ಯಾರಿಟಿ ಎನ್ನುತ್ತಾರೆ. ಕಂಪ್ಯೂಟರ್ ಕೂಡಿ ಕಳೆಯುವುದಿಲ್ಲ, ಎಕ್ಸ್‌ಆರ್ ಎಂಬ ಲೆಕ್ಕ ಮಾಡುತ್ತದೆ. ಒಂದೇ ಸ್ಥಾನದ ಬಿಟ್‌ಗಳಲ್ಲಿ 1ಗಳು ಸರಿಸಂಖ್ಯೆಯಲ್ಲಿದ್ದರೆ 0, ಬೆಸಸಂಖ್ಯೆಯಲ್ಲಿದ್ದರೆ 1. ಮೊತ್ತದ ಹಾಗೆ ಇದು ದೊಡ್ಡದಾಗುತ್ತಾ ಹೋಗುವುದಿಲ್ಲ, ಆದ್ದರಿಂದ ಒಂದು ಡಿಸ್ಕ್‌ನ ಜಾಗ ಸಾಕು. ಪ್ಯಾರಿಟಿಯನ್ನು ಒಂದೇ ಡಿಸ್ಕ್‌ನಲ್ಲಿ ಇಡದೆ ಎಲ್ಲದರಲ್ಲೂ ಸರದಿಯ ಮೇಲೆ ಹರಡುತ್ತಾರೆ, ಇಲ್ಲದಿದ್ದರೆ ಪ್ರತಿ ಬರಹಕ್ಕೂ ಆ ಒಂದು ಡಿಸ್ಕ್ ಮುಂದೆ ಕ್ಯೂ ನಿಲ್ಲುತ್ತದೆ. ರೇಡ್ 6ರಲ್ಲಿ ಎರಡು ಬೇರೆ ಬೇರೆ ಲೆಕ್ಕ ಇರುತ್ತವೆ. ಯಾವುದೇ ಎರಡು ಡಿಸ್ಕ್ ಹೋದರೂ ಅದು ತಡೆಯುತ್ತದೆ.

4 ಟಿಬಿಯ ನಾಲ್ಕು ಡಿಸ್ಕ್ ಇದ್ದರೆ ರೇಡ್ 5ರಲ್ಲಿ 12 ಟಿಬಿ ಬಳಸಬಹುದು. ರೇಡ್ 6 ಮತ್ತು ರೇಡ್ 10ರಲ್ಲಿ 8 ಟಿಬಿ ಮಾತ್ರ. ದುಡ್ಡಿನ ಲೆಕ್ಕದಲ್ಲಿ ರೇಡ್ 5 ಗೆಲ್ಲುತ್ತದೆ. ಆದರೂ ವೆಬ್ ಹೋಸ್ಟಿಂಗ್‌ನಲ್ಲಿ ಒಳ್ಳೆಯವರು ರೇಡ್ 10 ಕಡೆಗೇ ಹೋಗುತ್ತಾರೆ. ನಿಮ್ಮಂಥ ಅಂಗಡಿ ಸೈಟ್‌ನ ಡೇಟಾಬೇಸ್‌ನಲ್ಲಿ ಸಣ್ಣ ಸಣ್ಣ ಬರಹ ಜಾಸ್ತಿ. ರೇಡ್ 5ರಲ್ಲಿ ಸಣ್ಣದೊಂದು ಬದಲಾವಣೆಗೂ ಹಳೆಯ ಡೇಟಾ ಓದಬೇಕು, ಹಳೆಯ ಪ್ಯಾರಿಟಿ ಓದಬೇಕು, ಆಮೇಲೆ ಎರಡನ್ನೂ ಹೊಸದಾಗಿ ಬರೆಯಬೇಕು. ರೇಡ್ 10ರಲ್ಲಿ ಎರಡು ಕಡೆ ಬರೆದರೆ ಮುಗಿಯಿತು.

ಇಷ್ಟು ಎಲ್ಲ ಕಡೆ ಸಿಗುವ ಮಾಹಿತಿ. ಯಾರೂ ಹೆಚ್ಚು ಹೇಳದ ಭಾಗ ಮೊದಲ ಡಿಸ್ಕ್ ಕೆಟ್ಟ ಮೇಲೆ ಶುರುವಾಗುತ್ತದೆ.

ಡಿಸ್ಕ್ ಕೆಟ್ಟಿತು, ಸೈಟ್ ಓಡುತ್ತಲೇ ಇದೆ. ಈ ಸ್ಥಿತಿಗೆ ಡಿಗ್ರೇಡೆಡ್ ಎನ್ನುತ್ತಾರೆ. ಪಂಕ್ಚರ್ ಆದ ಮೇಲೆ ಸ್ಟೆಪ್ನಿ ಹಾಕಿಕೊಂಡು ಹೊರಟ ಕಾರಿನ ಹಾಗೆ. ಗಾಡಿ ಓಡುತ್ತದೆ, ಆದರೆ ಇನ್ನೊಂದು ಪಂಕ್ಚರ್ ಆದರೆ ದಾರಿ ಮಧ್ಯದಲ್ಲೇ ನಿಲ್ಲಬೇಕು. ಈಗ ಹೊಸ ಡಿಸ್ಕ್ ಹಾಕಿ ಅದಕ್ಕೆ ಡೇಟಾವನ್ನೆಲ್ಲ ಮತ್ತೆ ತುಂಬಿಸಬೇಕು. ಇದೇ ರೀಬಿಲ್ಡ್. 16 ಟಿಬಿಯ ಹಾರ್ಡ್ ಡಿಸ್ಕ್‌ಗೆ ಸೆಕೆಂಡಿಗೆ 200 ಎಂಬಿಯಂತೆ ಒಂದೇ ಸಮನೆ ಬರೆದರೂ 22 ಗಂಟೆ ಬೇಕು. ಅದೂ ಬೇರೆ ಕೆಲಸ ಏನೂ ಇಲ್ಲದಿದ್ದರೆ. ಜನ ಸೈಟ್ ನೋಡುತ್ತಿರುವಾಗಲೇ ರೀಬಿಲ್ಡ್ ನಡೆಯಬೇಕಾದ್ದರಿಂದ ಅದು ದಿನಗಟ್ಟಲೆ ಎಳೆಯಬಹುದು. ತಿರುಗುವ ತಟ್ಟೆಗಳ ಬದಲು ಚಿಪ್‌ಗಳಲ್ಲಿ ಡೇಟಾ ಇಡುವ ಎಸ್‌ಎಸ್‌ಡಿಯಲ್ಲಿ ಇದು ಎಷ್ಟೋ ಬೇಗ ಮುಗಿಯುತ್ತದೆ. ನಿಮ್ಮ ಪ್ಲಾನ್‌ನಲ್ಲಿ ಎಸ್‌ಎಸ್‌ಡಿ ಇರುವುದು ಆ ಮಟ್ಟಿಗೆ ಒಳ್ಳೆಯದು.

ಈ ಅವಧಿಯಲ್ಲಿ ರೇಡ್ 5 ಉಳಿದ ಎಲ್ಲ ಡಿಸ್ಕ್‌ಗಳನ್ನೂ ಮೊದಲಿಂದ ಕೊನೆವರೆಗೆ ಓದಬೇಕು. ಒಂದನ್ನು ಉಳಿಸಲು ಎಲ್ಲದರ ಮೇಲೂ ಭಾರ. ವರ್ಷಗಳಿಂದ ಯಾರೂ ಮುಟ್ಟದ ಮೂಲೆಯಲ್ಲಿ ಓದಲಾಗದ ಸೆಕ್ಟರ್ (ಡಿಸ್ಕ್‌ನ ಒಂದು ಸಣ್ಣ ತುಣುಕು) ಇದ್ದರೆ ಅದು ಬಯಲಾಗುವುದು ಆವಾಗಲೇ. ಪಿಸಿಗಳಲ್ಲಿರುವಂಥ ಸಾಮಾನ್ಯ ಸಾಟಾ ಹಾರ್ಡ್ ಡಿಸ್ಕ್‌ಗಳಿಗೆ ತಯಾರಕರು ಕೊಡುವ ಅಂಕಿ ಏನೆಂದರೆ, ಸುಮಾರು 12.5 ಟಿಬಿ ಓದಿದರೆ ಹೆಚ್ಚೆಂದರೆ ಒಂದು ಕಡೆ ಓದಲಾಗದ ತಪ್ಪು ಸಿಗಬಹುದು ಎಂದು. ನಿಜದ ಡಿಸ್ಕ್‌ಗಳು ಇದಕ್ಕಿಂತ ಚೆನ್ನಾಗಿಯೇ ನಡೆದುಕೊಳ್ಳುತ್ತವೆ, ಸುಮ್ನೆ ಹೆದರಬೇಕಿಲ್ಲ. ಆದರೆ ದೊಡ್ಡ ಹಾರ್ಡ್ ಡಿಸ್ಕ್‌ಗಳಲ್ಲಿ ರೇಡ್ 5 ಬೇಡ ಎಂದು ತಿಳಿದವರು ಹೇಳುವುದು ಈ ಕಾರಣಕ್ಕೆ. ರೇಡ್ 10ರಲ್ಲಿ ಕೆಟ್ಟ ಡಿಸ್ಕ್‌ನ ಜೋಡಿಯನ್ನು ಮಾತ್ರ ನಕಲು ಮಾಡಿದರೆ ಸಾಕು. ನಾಲ್ಕು ಡಿಸ್ಕ್‌ಗಳಲ್ಲಿ ಒಂದು ಹೋದ ಮೇಲೆ ಉಳಿದ ಮೂರರಲ್ಲಿ ಅಪಾಯ ಇರುವುದು ಒಂದರಿಂದ ಮಾತ್ರ. ಬೇರೆ ಎರಡರಲ್ಲಿ ಒಂದು ಕೆಟ್ಟರೂ ಡೇಟಾ ಇರುತ್ತದೆ. ಅದೇ ಆ ಜೋಡಿ ಡಿಸ್ಕ್ ಹೋಯಿತೋ, ಕಥೆ ಮುಗಿಯಿತು. 'ರೇಡ್ 10ರಲ್ಲಿ ಎರಡು ಡಿಸ್ಕ್ ಹೋದರೂ ಪರವಾಗಿಲ್ಲ' ಎಂದು ಯಾರಾದರೂ ಹೇಳಿದರೆ ಅದು ಅರ್ಧ ಸತ್ಯ.

ಒಂದೇ ಹೊತ್ತಿಗೆ ಎರಡು ಡಿಸ್ಕ್ ಹೇಗೆ ಕೆಡುತ್ತವೆ ಎಂದು ಕೇಳಬಹುದು. ಅಷ್ಟೇನೂ ಕಷ್ಟವಿಲ್ಲ. ಒಂದೇ ಕಂಪನಿಯ, ಒಂದೇ ಬ್ಯಾಚ್‌ನ ಡಿಸ್ಕ್‌ಗಳನ್ನು ಒಂದೇ ದಿನ ಹಾಕಿರುತ್ತಾರೆ. ಒಂದೇ ಪೆಟ್ಟಿಗೆಯಲ್ಲಿ, ಒಂದೇ ಬಿಸಿಯಲ್ಲಿ ಓಡಿರುತ್ತವೆ. ಮಿರರ್‌ನ ಎರಡೂ ಎಸ್‌ಎಸ್‌ಡಿಗಳ ಮೇಲೆ ಒಂದೇ ಪ್ರಮಾಣದ ಬರಹ ಬಿದ್ದಿರುತ್ತದೆ, ಸವೆತವೂ ಹೆಚ್ಚುಕಡಿಮೆ ಸಮ. 2019ರ ನವೆಂಬರ್‌ನಲ್ಲಿ ಸರ್ವರ್ ಮಾರುವ ಎಚ್‌ಪಿಇ ಕಂಪನಿ ತನ್ನ ಕೆಲವು ಎಸ್‌ಎಸ್‌ಡಿಗಳ ಬಗ್ಗೆ ಕೊಟ್ಟ ಎಚ್ಚರಿಕೆ ಇದಕ್ಕೆ ಕನ್ನಡಿ. ಡಿಸ್ಕ್‌ನ ಒಳಗೇ ಇರುವ ಪ್ರೋಗ್ರಾಂ, ಅಂದರೆ ಫರ್ಮ್‌ವೇರ್‌ನ ತಪ್ಪಿನಿಂದ ಅವು ಸರಿಯಾಗಿ 32,768 ಗಂಟೆ ಓಡಿದ ಮೇಲೆ ಕೆಟ್ಟುಹೋಗುತ್ತಿದ್ದವು. ಅಂದರೆ 3 ವರ್ಷ, 270 ದಿನ, 8 ಗಂಟೆ. ಕೆಟ್ಟ ಮೇಲೆ ಡಿಸ್ಕೂ ಇಲ್ಲ, ಡೇಟಾವೂ ಇಲ್ಲ. ಒಂದೇ ದಿನ ಹಾಕಿದ ಡಿಸ್ಕ್‌ಗಳು ಹೆಚ್ಚುಕಡಿಮೆ ಒಟ್ಟಿಗೇ ಕೆಡುತ್ತವೆ ಎಂದು ಕಂಪನಿಯೇ ಹೇಳಿತ್ತು. ಅಂಥ ಕಡೆ ರೇಡ್ 1 ಇರಲಿ, 6 ಇರಲಿ, 10 ಇರಲಿ, ಲೆಕ್ಕಕ್ಕೇ ಬರುವುದಿಲ್ಲ. ಮುಂದಿನ ವರ್ಷ ಇನ್ನೊಂದು ಮಾದರಿಗೆ ಇಂಥದೇ ಎಚ್ಚರಿಕೆ ಬಂತು, ಅದರ ಗಡಿ 40,000 ಗಂಟೆ.

ಇದಕ್ಕಿಂತ ಸಾಮಾನ್ಯವಾದ ತೊಂದರೆ ಇನ್ನೊಂದಿದೆ. ಡಿಸ್ಕ್ ಕೆಟ್ಟಿದ್ದನ್ನು ಯಾರೂ ನೋಡುವುದೇ ಇಲ್ಲ! ಸೈಟ್ ಓಡುತ್ತಿರುತ್ತದೆ, ಯಾರಿಗೂ ಅನುಮಾನ ಬರುವುದಿಲ್ಲ. ಎಚ್ಚರಿಕೆಯ ಮೇಲ್ ಕೆಲಸ ಬಿಟ್ಟುಹೋದವರ ವಿಳಾಸಕ್ಕೆ ಹೋಗುತ್ತಿರುತ್ತದೆ. ತಿಂಗಳುಗಳ ಮೇಲೆ ಎರಡನೇ ಡಿಸ್ಕ್ ಹೋದಾಗ 'ರೇಡ್ ಇದ್ದೂ ಹೀಗಾಯಿತು' ಎಂದು ಗೋಳಾಡುತ್ತಾರೆ. ರೇಡ್ ತನ್ನ ಕೆಲಸ ಮಾಡಿತ್ತು, ಅದು ಕೊಟ್ಟ ಸಮಯವನ್ನು ಯಾರೂ ಬಳಸಿಕೊಳ್ಳಲಿಲ್ಲ. ತನ್ನ ಆರೋಗ್ಯದ ಬಗ್ಗೆ ಡಿಸ್ಕ್ ತಾನೇ ಕೊಡುವ ಸ್ಮಾರ್ಟ್ (SMART) ವರದಿಯನ್ನೇ ನಂಬಿ ಕೂರುವುದಕ್ಕೂ ಆಗುವುದಿಲ್ಲ. 2007ರಲ್ಲಿ ಗೂಗಲ್ ತನ್ನ 1 ಲಕ್ಷಕ್ಕೂ ಹೆಚ್ಚು ಡಿಸ್ಕ್‌ಗಳನ್ನು ಪರಿಶೀಲಿಸಿದಾಗ, ಕೆಟ್ಟವುಗಳಲ್ಲಿ ಮೂರನೇ ಒಂದಕ್ಕಿಂತ ಹೆಚ್ಚಿನವು ಮುಂಚೆ ಯಾವ ಸೂಚನೆಯನ್ನೂ ಕೊಟ್ಟಿರಲಿಲ್ಲ. ಒಳ್ಳೆಯ ಕಂಪನಿ ಮೂರು ಕೆಲಸ ತಪ್ಪಿಸುವುದಿಲ್ಲ: ರೇಡ್ ಸ್ಥಿತಿಯನ್ನು ನಿಮಿಷ ನಿಮಿಷಕ್ಕೆ ನೋಡುವ ವ್ಯವಸ್ಥೆ, ಕೆಟ್ಟ ತಕ್ಷಣ ತಾನೇ ಸೇರಿಕೊಳ್ಳುವ ಹಾಟ್ ಸ್ಪೇರ್ ಡಿಸ್ಕ್ ಅಥವಾ ಕೈಯಳತೆಯಲ್ಲೇ ಬದಲಿ ಡಿಸ್ಕ್, ಮತ್ತು ಎಲ್ಲ ಡಿಸ್ಕ್‌ಗಳನ್ನೂ ಆಗಾಗ ಪೂರ್ತಿ ಓದಿ ನೋಡುವ ಸ್ಕ್ರಬ್. ಸರ್ವರ್‌ಗಳಲ್ಲಿ ಬಳಸುವ ಡೆಬಿಯನ್ ಲಿನಕ್ಸ್‌ನ ಸಾಫ್ಟ್‌ವೇರ್ ರೇಡ್‌ನಲ್ಲಿ ಇದು ತಿಂಗಳ ಮೊದಲ ಭಾನುವಾರ ತಾನಾಗಿಯೇ ನಡೆಯುವಂತೆ ಇಟ್ಟಿದ್ದಾರೆ. ಮುಂದೆ ನೀವು ಇಂಥ ಸ್ವಂತ ಸರ್ವರ್ ತೆಗೆದುಕೊಂಡರೆ ರೇಡ್ ಸ್ಥಿತಿ ತೋರಿಸುವ ಎಂಡಿಸ್ಟ್ಯಾಟ್ (/proc/mdstat) ಎಂಬ ಫೈಲ್ ತೆರೆದು ನೋಡುವ ಅಭ್ಯಾಸ ಮಾಡಿಕೊಳ್ಳಿ. ಪ್ರತಿ ಡಿಸ್ಕ್‌ಗೆ ಒಂದು 'ಯು' ಅಕ್ಷರ ಇರುತ್ತದೆ. ಅದರ ಜಾಗದಲ್ಲಿ ಅಂಡರ್‌ಸ್ಕೋರ್ ಕಂಡರೆ ಒಂದು ಡಿಸ್ಕ್ ಇಲ್ಲ ಎಂದೇ ಅರ್ಥ.

ಈಗ ನಿಮ್ಮ ಮೂಲ ಪ್ರಶ್ನೆ. ಎಲ್ಲವೂ ಸರಿಯಾಗಿದೆ, ಡಿಸ್ಕ್‌ಗಳು ಗಟ್ಟಿಯಾಗಿವೆ, ಕಂಪನಿಯವರು ಕಣ್ಣಿಟ್ಟಿದ್ದಾರೆ. ಆದರೂ ಬ್ಯಾಕಪ್ ಯಾಕೆ?

ಯಾಕೆಂದರೆ ರೇಡ್‌ಗೆ ಸರಿ ತಪ್ಪು ಗೊತ್ತಿಲ್ಲ. ನೀವು ಒಂದು ಫೋಟೋ ಅಳಿಸಿದರೆ ಎರಡೂ ಡಿಸ್ಕ್‌ಗಳಲ್ಲಿ ಆ ಕ್ಷಣವೇ ಅಳಿಯುತ್ತದೆ. ಪ್ಲಗಿನ್ ಅಪ್‌ಡೇಟ್ ಎಡವಟ್ಟಾಗಿ ಆರ್ಡರ್ ಟೇಬಲ್ ಕೆಟ್ಟರೆ ಎರಡು ಕಡೆಯೂ ಕೆಡುತ್ತದೆ. ಹ್ಯಾಕರ್ ಒಳಗೆ ಬಂದು ಫೈಲ್‌ಗಳಲ್ಲಿ ಏನೇನೋ ತುಂಬಿಸಿದರೆ, ರೇಡ್ ಅದನ್ನೂ ಬಹಳ ಜೋಪಾನವಾಗಿ ಎರಡೂ ಕಡೆ ಕಾಪಾಡುತ್ತದೆ. ನನ್ನ ಅಂದಾಜಿನಲ್ಲಿ ಸಣ್ಣ ಸೈಟ್‌ಗಳ ಡೇಟಾ ಹೋಗುವುದು ಡಿಸ್ಕ್‌ನಿಂದಲ್ಲ, ಬಹುತೇಕ ಇಂಥದ್ದರಿಂದಲೇ.

ದೊಡ್ಡವರಿಗೂ ಆಗುತ್ತದೆ. 2017ರ ಜನವರಿ 31ರಂದು, ಪ್ರೋಗ್ರಾಂ ಬರೆಯುವವರ ಕೋಡ್ ಇಟ್ಟುಕೊಳ್ಳುವ ಗಿಟ್‌ಲ್ಯಾಬ್ ಕಂಪನಿಯಲ್ಲಿ ಡೇಟಾಬೇಸ್ ಸರ್ವರ್ ಎರಡಿದ್ದವು. ಮುಖ್ಯವಾದದ್ದು ಒಂದು, ಅದನ್ನು ಹಿಂಬಾಲಿಸಿ ನಕಲು ಇಟ್ಟುಕೊಳ್ಳುವ ಇನ್ನೊಂದು. ಎರಡು ಡಿಸ್ಕ್ ಅಲ್ಲ, ಎರಡು ಪೂರ್ತಿ ಸರ್ವರ್. ನಕಲು ಸರ್ವರ್ ಹಿಂದೆ ಬಿದ್ದಿತ್ತು. ಅದನ್ನು ಸರಿಮಾಡಲು ರಾತ್ರಿಯವರೆಗೂ ಕೂತಿದ್ದ ಎಂಜಿನಿಯರ್ ನಕಲಿನ ಫೋಲ್ಡರ್ ಅಳಿಸಲು ಹೊರಟು ಮುಖ್ಯ ಸರ್ವರ್‌ನಲ್ಲಿ ಆ ಕಮಾಂಡ್ ಕೊಟ್ಟುಬಿಟ್ಟರು. ಒಂದೆರಡು ಸೆಕೆಂಡ್‌ನಲ್ಲೇ ಗೊತ್ತಾಗಿ ನಿಲ್ಲಿಸಿದರು, ಅಷ್ಟರಲ್ಲಿ ಸುಮಾರು 300 ಜಿಬಿ ಹೋಗಿತ್ತು. ಬ್ಯಾಕಪ್ ಹುಡುಕಿದರೆ ಅದು ಇರಲೇ ಇಲ್ಲ. ಬ್ಯಾಕಪ್ ತೆಗೆಯುವ ಪ್ರೋಗ್ರಾಂ ಡೇಟಾಬೇಸ್‌ಗೆ ಹೊಂದದ ಹಳೆಯ ಆವೃತ್ತಿಯದು, ಪ್ರತಿ ಸಲ ಸೋಲುತ್ತಿತ್ತು. ಸೋತೆ ಎಂದು ಅದು ಕಳಿಸುತ್ತಿದ್ದ ಮೇಲ್‌ಗಳೂ ತಲುಪುತ್ತಿರಲಿಲ್ಲ. ಕೊನೆಗೆ ಉಳಿಸಿದ್ದು ಏನು ಗೊತ್ತಾ? ಅದೇ ಎಂಜಿನಿಯರ್ ಬೇರೇನೋ ಕೆಲಸಕ್ಕೆಂದು ಸುಮಾರು 6 ಗಂಟೆ ಮೊದಲು ತೆಗೆದಿಟ್ಟಿದ್ದ ಒಂದು ಸ್ನ್ಯಾಪ್‌ಶಾಟ್, ಅಂದರೆ ಆ ಹೊತ್ತಿನ ಡೇಟಾದ ಪ್ರತಿ. ಆ 6 ಗಂಟೆಗಳ ಡೇಟಾ ವಾಪಸ್ ಬರಲಿಲ್ಲ. ಕಂಪನಿ ಇದನ್ನೆಲ್ಲ ಮುಚ್ಚಿಡದೆ ಬರೆದು ಪ್ರಕಟಿಸಿತು, ಆದ್ದರಿಂದಲೇ ನಮಗೆ ಇಷ್ಟು ವಿವರ ಗೊತ್ತಿದೆ.

ಇನ್ನು ಬೆಂಕಿ. 2021ರ ಮಾರ್ಚ್ 10ರ ನಸುಕಿನಲ್ಲಿ ಫ್ರಾನ್ಸ್‌ನ ಸ್ಟ್ರಾಸ್‌ಬರ್ಗ್‌ನಲ್ಲಿ ಒವಿಎಚ್ ಎಂಬ ಹೋಸ್ಟಿಂಗ್ ಕಂಪನಿಯ ಡೇಟಾ ಸೆಂಟರ್‌ಗೆ ಬೆಂಕಿ ಬಿತ್ತು. ಎಸ್‌ಬಿಜಿ2 ಎಂಬ ಕಟ್ಟಡ ಪೂರ್ತಿ ಸುಟ್ಟಿತು, ಪಕ್ಕದ ಎಸ್‌ಬಿಜಿ1ಕ್ಕೂ ಹಾನಿಯಾಯಿತು. ವೆಬ್‌ಸೈಟ್‌ಗಳ ಸಮೀಕ್ಷೆ ಮಾಡುವ ನೆಟ್‌ಕ್ರಾಫ್ಟ್ ಕಂಪನಿಯ ಲೆಕ್ಕದ ಪ್ರಕಾರ 36 ಲಕ್ಷ ವೆಬ್‌ಸೈಟ್‌ಗಳು ಬಂದ್ ಆದವು. ಅಲ್ಲಿನ ಸರ್ವರ್‌ಗಳಲ್ಲಿ ರೇಡ್ ಇದ್ದರೆ ಏನು ಉಪಯೋಗ, ಮಿರರ್‌ನ ಎರಡೂ ಡಿಸ್ಕ್ ಇರುವುದು ಒಂದೇ ಪೆಟ್ಟಿಗೆಯಲ್ಲಿ ತಾನೇ? ಬೇಸರದ ಸಂಗತಿ ಎಂದರೆ ಕೆಲವು ಗ್ರಾಹಕರು ಬ್ಯಾಕಪ್‌ಗೆ ದುಡ್ಡನ್ನೂ ಕೊಟ್ಟಿದ್ದರು. ಆ ಬ್ಯಾಕಪ್ ಕೂಡ ಅದೇ ಜಾಗದಲ್ಲಿತ್ತು, ಸೈಟ್ ಜೊತೆಗೇ ಸುಟ್ಟುಹೋಯಿತು.

'ನಮ್ಮದು ಕ್ಲೌಡ್, ನಮಗೆ ಇದೆಲ್ಲ ಇಲ್ಲ' ಎನ್ನುವವರೂ ಸಿಗುತ್ತಾರೆ. ಅಲ್ಲಿ ಒಂದು ಪೆಟ್ಟಿಗೆಯ ರೇಡ್ ಬದಲು ಬೇರೆ ಬೇರೆ ಮಷಿನ್‌ಗಳಲ್ಲಿ ನಕಲು ಇಡುತ್ತಾರೆ. ಸೆಫ್ ಎಂಬ ಸಾಫ್ಟ್‌ವೇರ್ ಹೇಳದೇ ಇದ್ದರೂ ಮೂರು ನಕಲು ಇಡುತ್ತದೆ. ಒಂದು ಸರ್ವರ್ ಪೂರ್ತಿ ಹೋದರೂ ತೊಂದರೆ ಇಲ್ಲ, ನಿಜಕ್ಕೂ ಒಳ್ಳೆಯದು. ಆದರೆ ಅಳಿಸು ಎಂದರೆ ಮೂರೂ ಕಡೆ ಅಳಿಯುತ್ತದೆ.

ನಿಮ್ಮ ಕಂಪನಿಯ ಸಪೋರ್ಟ್‌ಗೆ ಒಂದು ಮೇಲ್ ಹಾಕಿ. ಬ್ಯಾಕಪ್ ಎಲ್ಲಿ ಇಡುತ್ತೀರಿ: ಅದೇ ಸರ್ವರ್‌ನಲ್ಲಾ, ಅದೇ ಕಟ್ಟಡದಲ್ಲಾ, ಬೇರೆ ಊರಿನಲ್ಲಾ? ಎಷ್ಟು ದಿನದ ಹಳೆಯ ಪ್ರತಿ ಸಿಗುತ್ತದೆ? ವಾಪಸ್ ಹಾಕಿಕೊಡಲು ಬೇರೆ ಚಾರ್ಜ್ ಇದೆಯಾ? ಎಷ್ಟು ಫೈಲ್‌ಗಿಂತ ಜಾಸ್ತಿ ಇದ್ದರೆ ಬ್ಯಾಕಪ್ ತೆಗೆಯುವುದಿಲ್ಲ ಎಂಬ ಮಿತಿ ಇದೆಯಾ? ಕೊನೆಯದನ್ನು ಮರೆಯಬೇಡಿ, ಕೆಲವರ ನಿಯಮಗಳಲ್ಲಿ ಅದು ಸಣ್ಣ ಅಕ್ಷರದಲ್ಲಿ ಇರುತ್ತದೆ. ಹ್ಯಾಕ್ ಆಗಿದ್ದು ಎರಡು ವಾರದ ಮೇಲೆ ಗೊತ್ತಾಗುವುದೂ ಇದೆ, ಹಾಗಾಗಿ 3 ದಿನದ ಬ್ಯಾಕಪ್ ಮಾತ್ರ ಇಡುತ್ತಾರೆ ಎಂದರೆ ಸಾಲದು. ರೇಡ್ ಬಗ್ಗೆಯೂ ಕೇಳಿ: ಡಿಸ್ಕ್ ಕೆಟ್ಟರೆ ನಿಮಗೆ ಎಷ್ಟು ಹೊತ್ತಿಗೆ ಗೊತ್ತಾಗುತ್ತದೆ, ಎಷ್ಟು ಹೊತ್ತಿನಲ್ಲಿ ಬದಲಿಸುತ್ತೀರಿ? ನೇರವಾಗಿ ಉತ್ತರ ಕೊಡುವವರು ಕೆಲಸ ಮಾಡುವವರು. 'ರೇಡ್ 10 ಇದೆ ಸರ್, ಚಿಂತೆ ಬೇಡ' ಎಂದಷ್ಟೇ ಬಂದರೆ ನನಗೆ ಅನುಮಾನ.

ಉತ್ತರ ಸಮಾಧಾನ ಕೊಟ್ಟರೆ ಅವರ ಬ್ಯಾಕಪ್ ಕೊಂಡುಕೊಳ್ಳಿ. ಕೊಂಡರೂ ನಿಮ್ಮ ಕೈಯಲ್ಲಿ ಒಂದು ಪ್ರತಿ ಇರಲೇಬೇಕು. ಬಿಲ್ ವಿಷಯಕ್ಕೆ ಜಗಳವಾಗಿ ಅಕೌಂಟ್ ಸಸ್ಪೆಂಡ್ ಆದರೆ ಅವರ ಹತ್ತಿರ ಇರುವ ಬ್ಯಾಕಪ್ ನಿಮಗೆ ಸಿಗುವುದಿಲ್ಲ. ವರ್ಡ್‌ಪ್ರೆಸ್‌ನಲ್ಲಿ ಉಳಿಸಬೇಕಾದದ್ದು ಎರಡು: ಡೇಟಾಬೇಸ್, ಮತ್ತು ಫೋಟೋ, ಥೀಮ್, ಪ್ಲಗಿನ್ ಇರುವ ಡಬ್ಲ್ಯೂಪಿ-ಕಂಟೆಂಟ್ ಫೋಲ್ಡರ್. ಅಪ್‌ಡ್ರಾಫ್ಟ್‌ಪ್ಲಸ್ ಎಂಬ ಬ್ಯಾಕಪ್ ಪ್ಲಗಿನ್‌ನ ಉಚಿತ ಆವೃತ್ತಿಯೇ ಇವೆರಡನ್ನೂ ಗೂಗಲ್ ಡ್ರೈವ್‌ಗೆ ಕಳಿಸುತ್ತದೆ. ಹೋಸ್ಟಿಂಗ್ ನೋಡಿಕೊಳ್ಳಲು ಹಲವು ಕಂಪನಿಗಳು ಕೊಡುವ ಸಿಪ್ಯಾನೆಲ್ ಪುಟದಲ್ಲಿ ಪೂರ್ತಿ ಬ್ಯಾಕಪ್ ಇಳಿಸಿಕೊಂಡರೆ ಅದನ್ನು ನೀವೇ ವಾಪಸ್ ಹಾಕಲು ಆಗುವುದಿಲ್ಲ, ಕಂಪನಿಯವರೇ ಹಾಕಬೇಕು. ಡೇಟಾಬೇಸ್ ಮತ್ತು ಹೋಮ್ ಫೋಲ್ಡರ್ ಬೇರೆ ಬೇರೆಯಾಗಿ ಇಳಿಸಿಕೊಂಡರೆ ನೀವೇ ಹಾಕಿಕೊಳ್ಳಬಹುದು. ಇಳಿಸಿಕೊಂಡ ಮೇಲೆ ಆ ಬ್ಯಾಕಪ್ ಫೈಲನ್ನು ಸರ್ವರ್‌ನ ಸೈಟ್ ಫೋಲ್ಡರ್‌ನಲ್ಲೇ ಬಿಡಬೇಡಿ. ಅದು ಅದೇ ಡಿಸ್ಕ್‌ನಲ್ಲಿ ಕೂತಿರುತ್ತದೆ, ಸಾಲದ್ದಕ್ಕೆ ಹೆಸರು ಊಹಿಸಿ ಯಾರು ಬೇಕಾದರೂ ಇಳಿಸಿಕೊಂಡು ನಿಮ್ಮ ಗ್ರಾಹಕರ ವಿಳಾಸ, ಫೋನ್ ನಂಬರ್ ಎಲ್ಲ ಓದಬಹುದು.

ಒಂದು ಸಲವಾದರೂ ವಾಪಸ್ ಹಾಕಿ ನೋಡಿ. ಒಂದು ಸಬ್‌ಡೊಮೇನ್ (ನಿಮ್ಮ ಸೈಟ್ ಹೆಸರಿನ ಮುಂದೆ ಇನ್ನೊಂದು ಪದ ಸೇರಿಸಿದ ವಿಳಾಸ) ಮಾಡಿಕೊಂಡು ಅಲ್ಲಿ ಬ್ಯಾಕಪ್‌ನಿಂದ ಸೈಟ್ ಎಬ್ಬಿಸಿ, ನಿನ್ನೆಯ ಆರ್ಡರ್ ಕಾಣುತ್ತದಾ, ಫೋಟೋ ಬರುತ್ತದಾ ಎಂದು ನೋಡಿ. ಆಮೇಲೆ ಆ ಸಬ್‌ಡೊಮೇನ್ ತೆಗೆದುಬಿಡಿ, ಇಲ್ಲದಿದ್ದರೆ ಗ್ರಾಹಕರು ಅಲ್ಲಿಗೆ ಬಂದು ಆರ್ಡರ್ ಹಾಕಿಬಿಡುತ್ತಾರೆ.

ಎಷ್ಟು ಸಲ ಬ್ಯಾಕಪ್ ತೆಗೆಯಬೇಕು ಎನ್ನುವುದು ನಿಮ್ಮ ಆರ್ಡರ್‌ಗಳ ಮೇಲಿದೆ. ಎಷ್ಟು ಹೊತ್ತಿನ ಆರ್ಡರ್ ಕಳೆದುಹೋದರೆ ಫೋನ್ ಮಾಡಿ, ವಾಟ್ಸಾಪ್ ನೋಡಿ ಸರಿಮಾಡಿಕೊಳ್ಳಬಹುದು? ಒಂದು ದಿನದ್ದು ಎಂದಾದರೆ ದಿನಕ್ಕೊಮ್ಮೆ ಸಾಕು. ದೀಪಾವಳಿ ಸಮಯದಲ್ಲಿ ಆರ್ಡರ್ ಜಾಸ್ತಿ ಇದ್ದಾಗ ಡೇಟಾಬೇಸನ್ನು ಮಾತ್ರ ಕೆಲವು ಗಂಟೆಗೊಮ್ಮೆ ತೆಗೆಯುವ ಹಾಗೆ ಇಡಿ, ಅದು ಚಿಕ್ಕ ಫೈಲ್. ಫೋಟೋಗಳು ದಿನವೂ ಬದಲಾಗುವುದಿಲ್ಲ, ಅವಕ್ಕೆ ವಾರಕ್ಕೊಮ್ಮೆ ಸಾಕು. ಗೂಗಲ್ ಡ್ರೈವ್‌ನಲ್ಲಿ ಉಚಿತ ಜಾಗ 15 ಜಿಬಿ, ಅದರಲ್ಲೇ ನಿಮ್ಮ ಜಿಮೇಲ್, ಮೊಬೈಲ್ ಫೋಟೋ ಎಲ್ಲ ಸೇರಿರುತ್ತವೆ. ಬ್ಯಾಕಪ್‌ಗೆ ಅಂತಲೇ ಬೇರೆ ಗೂಗಲ್ ಅಕೌಂಟ್ ಮಾಡಿಕೊಳ್ಳಿ, ಹಳೆಯ ಪ್ರತಿಗಳು ತಾವಾಗಿ ಅಳಿಯುವಂತೆ ಪ್ಲಗಿನ್‌ನಲ್ಲಿ ಸಂಖ್ಯೆ ಹಾಕಿಡಿ. ಜಾಗ ತುಂಬಿದರೆ ಬ್ಯಾಕಪ್ ಹೋಗುವುದು ನಿಲ್ಲುತ್ತದೆ. ಬ್ಯಾಕಪ್ ಹೋಗಲಿಲ್ಲ ಎಂದು ತಿಳಿಸುವ ಮೇಲ್ ನೀವು ದಿನವೂ ನೋಡುವ ಇನ್‌ಬಾಕ್ಸ್‌ಗೇ ಬರುವ ಹಾಗೆ ಮಾಡಿ.